ಎಂಟನೆಯ ಗೋಡೆಯ ತಕರಾರು

ಪಾವಗಡ ರಸ್ತೆಯಲ್ಲಿರುವ ನನ್ನ ಗೆಳತಿಯ ಊರಿನ ಹಳೆಯ ಚರ್ಚು ಎಂಟು ಮೂಲೆಯದು. ದೊಡ್ಡ ಕಲ್ಲುಬಾವಿಯೊಂದನ್ನು ಕಿತ್ತು ನೆಲದ ಮೇಲೆ ನಿಲ್ಲಿಸಿದಂತೆ ಕಾಣುತ್ತದೆ. ಎಂಟು ಮನೆತನದವರು ಮನೆತನಕ್ಕೊಂದರಂತೆ ಎಂಟು ಗೋಡೆ ಎಬ್ಬಿಸಿದರೆಂದು ಅಲ್ಲಿಯವರ ನಂಬಿಕೆ. ಕ್ರಿಸ್‌ಮಸ್ಸಿಗೆ ಮುಂಚೆ ಆಯಾ ಮನೆಯವರು ತಮ್ಮ ಗೋಡೆಗೆ ತಾವೇ ಸುಣ್ಣ ಬಳಿಯುತ್ತಾರೆ. ಎಂಟನೆಯದು ಗೆಳತಿಯ ಅಜ್ಜಿಯದು.

ನಾನು ಚರ್ಚಿಗೂ ಹೋಗುವವಳಲ್ಲ, ದೇವಸ್ಥಾನಕ್ಕೂ ಅಲ್ಲ. ಕಾಲೇಜಿನ ವಾದಸ್ಪರ್ಧೆಗಳಲ್ಲಿ ಗೆದ್ದು ಬೀಗುತ್ತಿದ್ದ ಕಾಲವದು. ಸುಣ್ಣದ ದಿನ ನೋಡಲು ಹೋದವಳು ಸುಮ್ಮನಿರಬೇಕಿತ್ತು.

ಅಜ್ಜಿ ಬಕೆಟ್ಟಿನಲ್ಲಿ ಸುಣ್ಣ ಕದಡುತ್ತಾ, "ಎಂಟುಕ್ಕೂ ಒಂದೇ ದಿನ ಪಾಯ ಹಾಕಿದ್ದು ಕಣಮ್ಮ" ಅಂದರು.

"ಸಾಕ್ಷಿ ಏನಜ್ಜಿ?"

"ಗ್ವಾಡೆ ಕಣ್ಮುಂದೆ ನಿಂತೈತಲ್ಲ, ಅದುನ್ನೇ ಕೇಳು!"

ಸುತ್ತಲಿದ್ದವರೆಲ್ಲ ನಕ್ಕರು. ನನಗೆ ಅಷ್ಟು ಸಾಕಾಯಿತು. ಏಳು ಗೋಡೆ ಕಲ್ಲಿನವು, ಇದೊಂದು ಇಟ್ಟಿಗೆಯದು. ಮೂಲೆಗಳಲ್ಲಿ ಬೆಸೆದುಕೊಂಡಿಲ್ಲ, ಬರೀ ಆತುಕೊಂಡಿದೆ. ಆದ್ದರಿಂದ ಇದು ಆಮೇಲೆ ಸೇರಿಸಿದ್ದು, ಈ ಮನೆತನವೂ ಆಮೇಲೆ ಬಂದದ್ದು ಎಂದು ಬೆರಳು ಮಡಿಚಿ ಮಡಿಚಿ ಹೇಳಿದೆ. ಹಾಗಾದರೆ ಮೊದಲು ಈ ಬದಿ ಬಯಲಿತ್ತಾ ಎಂದು ಯಾರೋ ಕೇಳಿದ್ದಕ್ಕೆ, ತೆರೆದ ಮುಖಮಂಟಪ ಇದ್ದಿರಬೇಕು ಎಂದು ಸ್ಥಳದಲ್ಲೇ ಹುಟ್ಟಿಸಿದೆ. ಸಾಕ್ಷಿ ಕೇಳಿದವಳೂ ನಾನೇ!

ಬಿದ್ದ ಗೋಡೆಯನ್ನು ಮತ್ತೆ ಕಟ್ಟಿದರೂ ಹೀಗೇ ಕಾಣುತ್ತದೆ. ಕೆಳಗೆ ಪಾಯದ ಕಲ್ಲು, ಅಜ್ಜಿ ಹೇಳಿದಂತೆಯೇ, ಎಂಟು ಬದಿಗೂ ಒಂದೇ ಸಮ ಹಾದುಹೋಗಿತ್ತು. ಅದನ್ನು ಆಗಲೇ ನೋಡಿದ್ದೆ. ಎದುರಾಳಿಗೆ ಹೊಳೆಯದ ಅಂಶವನ್ನು ನಾವಾಗಿ ಎತ್ತಬಾರದೆಂದು ಕಲಿತಿದ್ದೆ, ಎತ್ತಲಿಲ್ಲ.

ಮರುವರ್ಷ ಚರ್ಚಿನ ಹಿರಿಯರು ಆ ಗೋಡೆಯನ್ನು ಅಜ್ಜಿಗೆ ಬಿಡಲಿಲ್ಲ. ಮೊದಲು ಕಟ್ಟಿದವರಿಗಷ್ಟೇ ಬಳಿಯುವ ಹಕ್ಕು ಅಂದರಂತೆ. ಗೆಳತಿ ಫೋನಿನಲ್ಲಿ ಹೇಳಿದ ಮಾರನೆಯ ದಿನವೇ ಹೋಗಿ, ಹಿರಿಯರಲ್ಲೊಬ್ಬರನ್ನು ಕರೆತಂದು ಪಾಯ ತೋರಿಸಿದೆ.

"ಹೋದ್ವರ್ಸ ಅಂಗಂದ್ರಿ, ಈಗ ಇಂಗಂತೀರ. ಬೇಕಾದಂಗೆ ತಿರುಗ್ಸೋದೇ ಏನಮ್ಮ ನಿಮ್ ಓದು?" ಎಂದು ಅವರು ಹೊರಟುಹೋದರು.

ಅಲ್ಲಿಂದ ಅಜ್ಜಿಯ ಮನೆಗೆ ಹೋದೆ. ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದರು. ತಪ್ಪಾಯಿತು ಅಂದೆ.

"ಗೊತ್ತಿಲ್ದೆ ಅಂದ್ಬುಟ್ಟೆ, ಬುಡಮ್ಮ. ಅದುಕ್ಯಾಕೆ ಕಣ್ಣೀರು?"

ಅಷ್ಟಕ್ಕೇ ಬಿಟ್ಟು ಬರಬಹುದಿತ್ತು.

"ಇಲ್ಲಜ್ಜಿ, ಅವತ್ತೇ ಗೊತ್ತಿತ್ತು" ಅಂದೆ.

ಅಜ್ಜಿ ಸೊಪ್ಪನ್ನು ಪಕ್ಕಕ್ಕೆ ಸರಿಸಿದರು. "ಮಧುಗಿರಿ ಬಸ್ಸು ಹೊಂಟೋಯ್ತದೆ, ನೀನು ಹೊರ್ಡು" ಅಂದರು.

ಬಸ್ಸಿಗೆ ಇನ್ನೂ ಒಂದು ಗಂಟೆಯಿತ್ತು. ಎದ್ದು ಹೊರಟೆ.