ಮೇಷ್ಟ್ರು ಮೇಕೆಯ ನಶ್ಯ

ಹೊಂಗನೂರಿನ ಆಚೆ ಒಂದು ಹಳ್ಳಿಯಲ್ಲಿ ನಾನು ಮೇಷ್ಟರಾಗಿದ್ದಾಗ ನನಗೆ ಎರಡು ಚಟಗಳಿದ್ದವು: ನಶ್ಯ ಮತ್ತು ನೀತಿಕಥೆ. ಮೊದಲನೆಯದರಿಂದ ನನಗೊಬ್ಬನಿಗೇ ಸೀನು. ಎರಡನೆಯದರಿಂದ ಇಡೀ ತರಗತಿಗೆ ಆಕಳಿಕೆ.

ಏಳನೇ ತರಗತಿಯ ಒಬ್ಬ ಹುಡುಗಿ ಇದ್ದಕ್ಕಿದ್ದಂತೆ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಅಪ್ಪನಿಲ್ಲದ ಮನೆ. ಅವ್ವ ಬದುವಿನಲ್ಲಿ ಜಾರಿ ಕೈ ಮುರಿದುಕೊಂಡಿದ್ದರು. ಮನೆ ತುಂಬ ರೇಷ್ಮೆಹುಳ, ಅದೂ ನಾಲ್ಕನೇ ಜ್ವರ ಎದ್ದವು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಕೊನೆಯ ಜ್ವರ ಎದ್ದ ಹುಳ ಗೂಡು ಕಟ್ಟುವವರೆಗೆ ಮದುವೆ ಮನೆಯ ಬೀಗರಂತೆ ತಿನ್ನುತ್ತದೆ. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಇವಳೊಬ್ಬಳೇ. ಪರೀಕ್ಷೆ ಹತ್ತಿರ ಬಂದಿತ್ತು. ಈಗ ಮದುವೆಯಾಗಿ ಹೋಗಿರುವ ಇವಳ ಅಕ್ಕನೂ ಹೀಗೇ ಒಂದು ಬೆಳೆಗೆಂದು ಶಾಲೆ ಬಿಟ್ಟವಳು ಮತ್ತೆ ಅತ್ತ ತಲೆ ಹಾಕಿರಲಿಲ್ಲ.

ನಾನು ಸಕಲ ಗಾಂಭೀರ್ಯದೊಂದಿಗೆ ಅವರ ಮನೆಗೆ ಹೋದೆ. ಹುಳದ ಉಸ್ತುವಾರಿ ಹೊತ್ತಿದ್ದ ಅವಳ ಅಜ್ಜಿ ಅಂಗಳದಲ್ಲೇ ತಡೆದರು.

"ಅಲ್ಲೇ ನಿಂತ್ಕಳಿ ಮೇಷ್ಟ್ರೇ. ಹೊಗೆಸೊಪ್ಪಿನ ಗಾಳಿ ಸೋಕುದ್ರೆ ಹುಳ ಒಂದೂ ಉಳಿಯಕಿಲ್ಲ."

"ಹುಡುಗಿ ಚೆನ್ನಾಗಿ ಓದ್ತಾಳೆ ಅಜ್ಜಿ. ಬಿಡಿಸಬೇಡಿ."

"ಓದಿದ್ದು ಸಾಕು. ಹುಳ ಉಪಾಸ ಬಿದ್ರೆ ನಾವೂ ಉಪಾಸ್ವೇಯ."

ಇಲಾಖೆಯ ಸುತ್ತೋಲೆಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕುತ್ತ ವಾಪಸಾದೆ.

ಮರುದಿನ ತರಗತಿಯಲ್ಲಿ ಒಂದು ಕಥೆ ಹೂಡಿದೆ. ಕಾಡಿನಲ್ಲಿ ಮೇಕೆಗಳಿಗೊಂದು ಶಾಲೆ. ಒಂದು ಮರಿಯ ತಾಯಿಗೆ ಕಾಲು ಮುರಿಯಿತು. "ಈಗ ಹೇಳಿ, ಮರಿ ಶಾಲೆಗೆ ಹೋಗಬೇಕೋ, ತಾಯಿಗೆ ಸೊಪ್ಪು ತರಬೇಕೋ?" ಎಂದೆ. ವಿದ್ಯೆಯ ಮಹಿಮೆಯ ಬಗ್ಗೆ ಒಕ್ಕೊರಲ ಘೋಷಣೆಯನ್ನು ನಿರೀಕ್ಷಿಸಿ ಒಂದು ಚಿಟಿಕೆ ನಶ್ಯವನ್ನೂ ಏರಿಸಿದೆ.

"ಸೊಪ್ಪು ಸಾ!" ಎಂದಿತು ಇಡೀ ತರಗತಿ.

"ಅವ್ವ ಹಸ್ಕಂಡಿದ್ರೆ ಮಗ್ಗಿ ತಲೆಗೆ ಹತ್ತದಾ ಸಾ?" ಎಂದಳು ಮುಂದಿನ ಸಾಲಿನವಳು.

"ಮ್ಯಾಕೆ ಇಸ್ಕೂಲಲ್ಲಿ ಊಟ ಕೊಟ್ರೆ ಹೋಗ್ಲಿ. ಇಲ್ದಿದ್ರೆ ಯಾಕೋದದು?" ಎಂದ ಇನ್ನೊಬ್ಬ.

"ಏಯ್, ಮ್ಯಾಕೆ ಅಲ್ಲ ಕಣ್ಲಾ, ನಮ್ ಬೀದಿಯೋಳು ಕಣ್ಲಾ ಅದು!" ಎಂದ ಹಿಂದಿನ ಬೆಂಚಿನವನು. ನನ್ನ ಕಥೆಯ ವೇಷ ಅಲ್ಲಿಗೆ ಕಳಚಿತು.

ಆಮೇಲೆ ಕಥೆ ನನ್ನ ಕೈಯಲ್ಲಿ ಉಳಿಯಲಿಲ್ಲ. ಮಿಕ್ಕ ಮರಿಗಳು ಬೆಳಗ್ಗೆ ಒಸಿ ಒಸಿ ಸೊಪ್ಪು ಕೊಯ್ದು ಬಾಗಿಲಿಗೆ ಹಾಕಬೇಕು, ಆಗ ಆ ಮರಿಯೂ ಶಾಲೆಗೆ ಬರಬಹುದು ಎಂದು ಅವರೇ ತೀರ್ಮಾನಿಸಿದರು. ಹುಳದ ಮನೆಗೆ ತಾನೇ ಹೊರಗಿನವರು ಹೋಗಬಾರದು? ತೋಟಕ್ಕೆ ಹೋಗಬಹುದಲ್ಲ! ಮೆಚ್ಚಿ ತಲೆದೂಗುತ್ತಿದ್ದೆ, ಅಷ್ಟರಲ್ಲಿ ಮುಂದಿನ ಸಾಲಿನವಳು ಮತ್ತೆ ಎದ್ದಳು.

"ಸಾ, ಮೇಷ್ಟ್ರು ಮ್ಯಾಕೆ ಆಗ ಏನ್ ಮಾಡ್ತಿತ್ತು?"

ಹೀಗಾಗಿ ಮರುದಿನ ಬೆಳಗ್ಗೆ ಹಿಪ್ಪುನೇರಳೆ ತೋಟದಲ್ಲಿ ಮಕ್ಕಳ ಜೊತೆ ಮೇಷ್ಟ್ರು ಮೇಕೆಯೂ ಹಾಜರಿತ್ತು. ಅಜ್ಜಿ ಎಲ್ಲರನ್ನೂ ಬಿಟ್ಟು ನನ್ನ ಕೈ ಮೂಸಿ ನೋಡಿದರು.

"ನಸ್ಯದ ಕೈಲಿ ಸೊಪ್ಪು ಮುಟ್ಟಂಗಿಲ್ಲ. ಡಬ್ಬಿ ಬುಡಿ, ಇಲ್ಲ ತೋಟ ಬುಡಿ."

ಯೌವನದಿಂದ ನನ್ನ ಮೂಗನ್ನು ಸಲಹಿದ ಡಬ್ಬಿಯನ್ನು ಶಾಲೆಯ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಸೋಪು ಹಚ್ಚಿ ತೊಳೆದ ಕೈಯಲ್ಲಿ ಸೊಪ್ಪು ಕೊಯ್ದೆ. ಎಳೆಯದನ್ನೂ ಬಲಿತದ್ದನ್ನೂ ಬೆರೆಸಿದೆನೆಂದು ಬೈಸಿಕೊಂಡೆ. ಹುಡುಗಿ ಶಾಲೆಗೆ ಬಂದಳು. ಬಂದವಳೇ, "ಅದೇನೋ ಮ್ಯಾಕೆ ಕತೆಯಂತಲ್ಲ ಸಾ?" ಎಂದಳು. ಒಬ್ಬೊಬ್ಬರು ಒಂದೊಂದು ಥರ ಹೇಳಿದರು. ಎಲ್ಲರ ಕಥೆಯಲ್ಲೂ ಮೇಷ್ಟ್ರು ಮೇಕೆ ಮಾತ್ರ ಶುದ್ಧ ಮೈಗಳ್ಳ.

ಹುಳ ಹಣ್ಣಾಗಿ ಬಿದಿರು ತಟ್ಟಿಯ ಚಂದ್ರಿಕೆ ಏರಿದವು, ಗೂಡು ಕಟ್ಟಿದವು. ಪರೀಕ್ಷೆಗೆ ಮಕ್ಕಳನ್ನು ಚನ್ನಪಟ್ಟಣಕ್ಕೆ ಕರೆದೊಯ್ಯುವ ದಿನ ಅಜ್ಜಿಯೂ ಬಸ್ಸಿನವರೆಗೆ ಬಂದರು. ಹುಡುಗಿ ಕಿಟಕಿ ಪಕ್ಕ ಕೂತಳು. ನನ್ನ ವ್ರತ ಮುಗಿಯಿತೆಂದು ನಾನು ಬೀರುವಿನಿಂದ ಬಿಡಿಸಿ ತಂದಿದ್ದ ಡಬ್ಬಿಯನ್ನು ನಿಧಾನವಾಗಿ ಜೇಬಿನಿಂದ ತೆಗೆದೆ.

"ಮೇಷ್ಟ್ರೇ," ಎಂದರು ಅಜ್ಜಿ, "ಇವ್ಳು ಐಸ್ಕೂಲ್ಗೂ ಹೋಯ್ತಾಳಂತೆ. ಮುಂದ್ಲ ಬೆಳೆಗೆ ಹುಳದ ಮೊಟ್ಟೆ ತಂದಿವ್ನಿ. ಡಬ್ಬಿ ಒಳೀಕೆ ಮಡಗಿ."