ಸಂಡೂರಿನ ಧೂಳಲ್ಲ

ನಾನು ಪುಡಿ ತಿಂದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆ ಬಿದ್ದ ದಿನಗಳಲ್ಲಿ ನಾನು ಊಟಕ್ಕಿಂತ ಹೆಚ್ಚು ಸಲ ಬಾಯಿ ತೆರೆದದ್ದು ಈ ಮಾತು ಹೇಳುವುದಕ್ಕೇ.

ನಮ್ಮ ಕಡೆ ಮಂಡಿನೋವಿಗೆ ಒಂದು ಪುಡಿ ಸಿಗುತ್ತದೆ. ಕಂಪ್ಲಿಯ ಆಚೆ ಯಾವುದೋ ಹಳ್ಳಿಯಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಾರೆ. ಭತ್ತದ ಗದ್ದೆಯಲ್ಲಿ ಬಗ್ಗಿ ಬಗ್ಗಿ ಸೊಂಟ ಹಿಡಿದವರು ಅದನ್ನು ತಿಂದು ಮರುವಾರವೇ ಓಡಾಡುತ್ತಾರೆ. ಅದರಲ್ಲಿ ಬೆರೆಸುವುದು ಸ್ಟೀರಾಯ್ಡ್. ತಿಂಗಳುಗಟ್ಟಲೆ ತಿಂದವರ ಮುಖ ಊದಿ ದುಂಡಗಾಗುತ್ತದೆ, ಹೊಟ್ಟೆ ಬರುತ್ತದೆ, ಕೈಕಾಲು ಸೊರಗುತ್ತವೆ. ಹಾಗಾಗಿ ಇಲ್ಲಿ ಯಾರ ಮುಖ ಊದಿದರೂ ಡಾಕ್ಟರಿಗಿಂತ ಮೊದಲು ಅಕ್ಕಪಕ್ಕದವರೇ ರೋಗ ಹೇಳಿಬಿಡುತ್ತಾರೆ, "ಪುಡಿ ತಿಂದಾಳ."

ನನ್ನ ಮುಖವೂ ಊದಿತು.

ನಮ್ಮದು ಹೊಸಪೇಟೆಯ ಚಿತ್ತವಾಡ್ಗಿ. ನಾನು ರೊಟ್ಟಿ ತಟ್ಟುವವಳು. ಒಲೆ ಮುಂದೆ ನೆಲಕ್ಕೆ ಕೂತು ತಟ್ಟಿದ ಜೋಳದ ರೊಟ್ಟಿಯನ್ನು ನಮ್ಮ ಮನೆಯವರು ಸ್ಕೂಟರಿನಲ್ಲಿ ಕಡ್ಡಿರಾಂಪುರದ ಹೋಟೆಲುಗಳಿಗೆ ಕೊಟ್ಟು ಬರುತ್ತಾರೆ. ಹಂಪಿ ನೋಡಲು ಬಂದವರು ಅಲ್ಲಿ ತಿನ್ನುವುದು ನನ್ನ ರೊಟ್ಟಿ. ಹಾಳೆಯಷ್ಟು ತೆಳು, ಅಂಚು ಒಡೆಯುವುದಿಲ್ಲ. ತನ್ನನ್ನು ತಾನು ಹೊಗಳಿಕೊಳ್ಳಬಾರದು ಅನ್ನುತ್ತಾರೆ. ಬೇರೆಯವರು ಸರಿಯಾಗಿ ಹೊಗಳಿದ್ದರೆ ನನಗೂ ಆ ಕೆಲಸ ತಪ್ಪುತ್ತಿತ್ತು.

ಒಂದು ಬೆಳಿಗ್ಗೆ ರೊಟ್ಟಿ ಮುಗಿಸಿ ಏಳಲು ಹೋದರೆ ತೊಡೆ ಮಾತು ಕೇಳಲಿಲ್ಲ. ಗೋಡೆ ಹಿಡಿದೆ, ಆಗಲಿಲ್ಲ. ಮನೆಯವರು ಕೈ ಕೊಟ್ಟು ಎಬ್ಬಿಸಿದರು. ಆಮೇಲೆ ದಿನವೂ ಅದೇ ಆಯಿತು. ಮೈ ಕಪ್ಪಿಟ್ಟಿತು, ಮುಟ್ಟಿದಲ್ಲೆಲ್ಲ ನೀಲಿಗಟ್ಟಿತು, ಹೊಟ್ಟೆಯ ಮೇಲೆ ನೇರಳೆ ಗೆರೆಗಳೆದ್ದವು. ಬಿಪಿ, ಶುಗರು ಜೋಡಿಯಾಗಿ ಬಂದವು. ಗದ್ದದ ಮೇಲೆ ಕೂದಲು ಬಂದಾಗ ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ಇಟ್ಟೆ.

ಇದೆಲ್ಲವನ್ನೂ ತಡೆದುಕೊಂಡೆ. ತಡೆಯಲಾಗದ್ದು ಒಂದೇ. ಒಂದು ಮಧ್ಯಾಹ್ನ ನೋಡಿದರೆ ಮನೆಯವರು ಹಿಟ್ಟಿನ ಡಬ್ಬಿಗೆ ಕೈಹಾಕಿ ತಡಕಾಡುತ್ತಿದ್ದರು.

"ಏನ್ ಹುಡುಕ್ತೀರಿ?"

"ಏನಿಲ್ಲ."

"ಪುಡಿ ಸಿಕ್ರ ನನಗೂ ಒಂಚೂರು ಕೊಡ್ರಿ. ಊರೆಲ್ಲ ತಿಂದಾಳ ಅಂತಾರ, ರುಚಿನಾರ ನೋಡ್ತೀನಿ."

ಅವರು ಡಬ್ಬಿ ಮುಚ್ಚಿ ಹೊರಗೆ ಹೋದರು. ನಾನು ಅತ್ತೆ. ಊರು ಏನಂದರೂ ಹಾಳಾಗಿ ಹೋಗಲಿ, ಈ ಮನುಷ್ಯ ನಂಬಲಿಲ್ಲವಲ್ಲ ಎಂಬುದು ರೋಗಕ್ಕಿಂತ ಹೆಚ್ಚು ನೋಯಿಸಿತು.

ತೋರಿಸಿದ ಕಡೆಯಲ್ಲೆಲ್ಲ ಪುಡಿ ಬಿಡಿ ಅಂದೇ ಕಳಿಸಿದರು. ಕೊನೆಗೆ ದೂರದ ಊರಿನ ದೊಡ್ಡ ಆಸ್ಪತ್ರೆಗೆ ಹೋದೆವು. ಅಲ್ಲಿ ಹಾರ್ಮೋನಿನ ಕಾಯಿಲೆ ನೋಡುವ ಡಾಕ್ಟರಮ್ಮ ಇದ್ದರು, ನಮ್ಮ ಸೀಮೆಯ ಮಾತಿನವರು. ಅವರೂ ಪುಡಿಯ ವಿಷಯ ಕೇಳಿದರು. ನಾನು ರೇಗಿದೆ. ಅವರು ನಕ್ಕು, "ಸಿಟ್ಟಾಗಬ್ಯಾಡ್ರಿ. ನಿಮ್ಮನ್ನ ಬಿಟ್ಟು ನಿಮ್ಮ ರಕ್ತಾನ ಕೇಳೋಣ" ಅಂದರು.

ಅವರು ಬಿಡಿಸಿ ಹೇಳಿದ್ದು ಹೀಗೆ. ಸ್ಟೀರಾಯ್ಡ್ ನಮ್ಮ ಮೈ ತಾನೇ ಮಾಡಿಕೊಳ್ಳುವ ವಸ್ತು. ಎಷ್ಟು ಮಾಡಬೇಕೆಂದು ತಲೆಯಿಂದ ಇನ್ನೊಂದು ಹಾರ್ಮೋನು ಹುಕುಂ ಒಯ್ಯುತ್ತದೆ. ಹೊರಗಿನಿಂದ ಪುಡಿ ತಿಂದರೆ ಆ ಹುಕುಂ ನಿಂತುಹೋಗುತ್ತದೆ. ನನ್ನ ರಕ್ತದಲ್ಲಿ ಹುಕುಂ ನಿಂತಿರಲಿಲ್ಲ, ಏರಿ ಕೂತಿತ್ತು.

"ಇವ್ರು ಏನೂ ತಿಂದಿಲ್ರಿ" ಎಂದು ಡಾಕ್ಟರಮ್ಮ ಮನೆಯವರಿಗೆ ಹೇಳಿದರು. "ಮೈಯಾಗ ಎಲ್ಲೋ ಒಂದು ಗಂಟು ಅಡಗಿ ಕುಂತು ಸುಳ್ಳು ಹುಕುಂ ಕೊಡಾಕತ್ತೈತಿ."

ಮನೆಯವರು ನೆಲ ನೋಡಿದರು. ಅವರು ತಲೆ ಎತ್ತುವವರೆಗೂ ನಾನು ಅವರನ್ನೇ ನೋಡುತ್ತಿದ್ದೆ.

ಗಂಟು ಸಿಗದೇ ಇದ್ದರೆ ಅಂತ ಕೇಳಿದೆ. "ಸಿಗಬೇಕ್ರಿ, ಇಲ್ಲಂದ್ರ ಜೀವಕ್ಕ ಕಷ್ಟ" ಅಂದರು. ಇಂಥ ಗಂಟು ಸಾಮಾನ್ಯವಾಗಿ ತಲೆಯಲ್ಲಿರುತ್ತದಂತೆ. ತಲೆಯ ಸ್ಕ್ಯಾನು ಸ್ವಚ್ಛ ಬಂತು. ಆದರೂ ಬಿಡದೆ ತೊಡೆಯ ಸಂದಿನಿಂದ ಸಣ್ಣ ನಳಿಕೆ ತೂರಿಸಿ, ತಲೆಯ ಬುಡದವರೆಗೆ ಒಯ್ದು, ಅಲ್ಲಿಯ ರಕ್ತ ತೆಗೆದು ನೋಡಿದರು. ಹುಕುಂ ತಲೆಯದಲ್ಲ ಎಂದು ಖಾತ್ರಿಯಾಯಿತು. ಆಮೇಲೆ ಎದೆಯ ಸ್ಕ್ಯಾನು. ಬಲ ಶ್ವಾಸಕೋಶದಲ್ಲಿ ಒಂದು ಸಣ್ಣ ಚುಕ್ಕೆ ಕಂಡಿತು.

"ಅದಾ? ಅದು ಸಂಡೂರಿನ ಧೂಳ್ರಿ" ಅಂದೆ.

ವಯಸ್ಸಿದ್ದಾಗ ನಾವಿಬ್ಬರೂ ಸಂಡೂರಿನ ಮೈನ್ಸಿನಲ್ಲಿ ದುಡಿದವರು. ಅವರು ಟಿಪ್ಪರ್ ಓಡಿಸುತ್ತಿದ್ದರು, ನಾನು ಸುತ್ತಿಗೆಯಿಂದ ಅದಿರು ಒಡೆದು ಆರಿಸುತ್ತಿದ್ದೆ. ಮೈನ್ಸ್ ಮಂದಿಯಲ್ಲಿ ಎದೆಯ ಚುಕ್ಕೆ ಎಂದರೆ ನಾಚಿಕೆಯಲ್ಲ, ಮರ್ಯಾದೆ. ಮನೆಗೆ ನೆಂಟರು ಬಂದರೆ ಎಕ್ಸ್‌ರೇ ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು, "ನೋಡ್ರಿ, ದುಡದ ಎದಿ ಇದು" ಎಂದು ತೋರಿಸುತ್ತಾರೆ. ಮನೆಯವರಿಗೆ ಅಂಥ ಚುಕ್ಕೆ ಇತ್ತು, ನನಗಿರಲಿಲ್ಲ. ಈಗ ನನ್ನದೂ ಬಂತಲ್ಲ ಎಂದು ಆ ಸ್ಥಿತಿಯಲ್ಲೂ ಎದೆ ಉಬ್ಬಿತು.

"ಹೌದ್ರಿ, ನನ್ನ ಎದ್ಯಾಗೂ ಐತಿ" ಅಂದರು ಮನೆಯವರು. ಬಹಳ ದಿನದ ಮೇಲೆ ನಾವಿಬ್ಬರೂ ಒಂದೇ ಮಾತು ಆಡಿದ್ದು ಆಗಲೇ. ಜೊತೆಯಲ್ಲಿದ್ದ ಕಿರಿಯ ಡಾಕ್ಟರುಗಳೂ ತಲೆಯಾಡಿಸಿದರು.

ಡಾಕ್ಟರಮ್ಮ ಆಡಿಸಲಿಲ್ಲ. "ಧೂಳಾದ್ರ ಸುಮ್ನ ಇರತೈತಿ. ಹಾರ್ಮೋನ್ ಮಾಡೋ ಗಂಟಾದ್ರ ಹೊಳೀತೈತಿ. ನೋಡೇ ಬಿಡೋಣ" ಅಂದರು.

ಇಂಥ ಗಂಟಿಗೆ ಮಾತ್ರ ಹೋಗಿ ಅಂಟುವ ಒಂದು ಔಷಧಿ ಇದೆಯಂತೆ. ಅದನ್ನು ನರಕ್ಕೆ ಕೊಟ್ಟು ಮತ್ತೊಂದು ಸ್ಕ್ಯಾನು ಮಾಡಿದರು. ಪರದೆಯ ಮೇಲೆ ನನ್ನ ಎದೆ ತೋರಿಸಿದರು. ಒಲೆಯ ಬೂದಿಯಲ್ಲಿ ಉಳಿದ ಕೆಂಡದ ಹಾಗೆ ಅದು ಹೊಳೆಯುತ್ತಿತ್ತು. ಕಡಲೆಕಾಳಿನಷ್ಟು ಇದ್ದುಕೊಂಡು ನನ್ನನ್ನು ನೆಲಕ್ಕೆ ಕೂರಿಸಿದ್ದು ಅದೇ.

ಡಾಕ್ಟರಮ್ಮ ವಿದ್ಯಾರ್ಥಿಗಳನ್ನೆಲ್ಲ ಕರೆದರು. ಇಂಥದ್ದು ನೋಡಲು ಸಿಗುವುದೇ ಅಪರೂಪ ಎಂದು ಅವರಿಗೆ ಹೇಳುವಾಗ ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ. ಧೂಳಿನ ಚುಕ್ಕೆ ನಮ್ಮ ಓಣಿಯಲ್ಲಿ ಎಷ್ಟು ಜನಕ್ಕಿಲ್ಲ?

ಆಪರೇಷನ್ ಮಾಡಿ, ಶ್ವಾಸಕೋಶದ ಒಂದು ತುಂಡಿನ ಜೊತೆ ಗಂಟನ್ನು ತೆಗೆದರು. ಮನೆಯವರು ಕೇಳಿದ ಮೊದಲ ಪ್ರಶ್ನೆ, "ಡಾಕ್ಟ್ರ, ಇವಳ ಸಿಟ್ಟೂ ಅದ್ರೊಳಗ ಇತ್ತೇನ್ರಿ?" ಇರಲಿಲ್ಲ. ಅದು ನನ್ನ ಸ್ವಂತದ್ದು, ಈಗಲೂ ಇದೆ.

ತಮಾಷೆ ನೋಡಿ, ಆಮೇಲೆ ನನಗೆ ಕೊಟ್ಟದ್ದು ಸ್ಟೀರಾಯ್ಡ್ ಮಾತ್ರೆ! ಸುಳ್ಳು ಹುಕುಮಿಗೆ ಒಗ್ಗಿದ ಮೈ ತನ್ನ ಕೆಲಸ ಮರೆತಿತ್ತು, ಅದು ನೆನಪಾಗುವವರೆಗೆ ತಿನ್ನಲೇಬೇಕಿತ್ತು. ದಿನಾ ಬೆಳಿಗ್ಗೆ ಮನೆಯವರೇ ಮಾತ್ರೆ, ನೀರು ತಂದುಕೊಡುತ್ತಿದ್ದರು. ಸಂಜೆ ಟಿ.ಬಿ. ಡ್ಯಾಂ ಕಡೆ ಕರೆದೊಯ್ದು ಮೆಲ್ಲಗೆ ನಡೆಸುತ್ತಿದ್ದರು. ಒಂದು ಬೆಳಿಗ್ಗೆ ಲೋಟ ಕೊಡುತ್ತ ಅಂದರು, "ಡಬ್ಬಿ ತಡಕಿದ್ದು ತಪ್ಪಾತು."

"ಏನಂದ್ರಿ? ಕೇಳಿಸ್ಲಿಲ್ಲ."

ಜೋರಾಗಿ ಇನ್ನೊಮ್ಮೆ ಹೇಳಿದರು. ಮೊದಲ ಸಲವೇ ನನಗೆ ಕೇಳಿಸಿತ್ತು.

ಮೈಕೈ ನೋವು ಬಹಳ ದಿನ ಬಿಡಲಿಲ್ಲ. ಡಾಕ್ಟರಮ್ಮ ಮಾತ್ರೆಯನ್ನು ಸ್ವಲ್ಪಸ್ವಲ್ಪವೇ ಇಳಿಸಿ ಕೊನೆಗೆ ನಿಲ್ಲಿಸಿದರು. ನನ್ನ ಮುಖ ನನಗೆ ವಾಪಸು ಬಂತು. ಕನ್ನಡಿ ತಿರುಗಿಸಿದೆ, ಹಿಟ್ಟು ಕಲಸಿದೆ, ಒಲೆ ಮುಂದೆ ಕೂತೆ. ಕೈ ಏನನ್ನೂ ಮರೆತಿರಲಿಲ್ಲ. ರೊಟ್ಟಿಯ ಅಂಚು ಒಡೆಯಲಿಲ್ಲ.

ಕೊನೆಯ ರೊಟ್ಟಿ ಬೇಯುವ ಹೊತ್ತಿಗೆ ಮನೆಯವರು ಬಂದು ಪಕ್ಕದಲ್ಲಿ ನಿಂತು, ರೂಢಿಯಂತೆ ಎಬ್ಬಿಸಲು ಕೈ ಚಾಚಿದರು. ನಾನು ಆ ಕೈಯಲ್ಲಿ ಬಿಸಿ ರೊಟ್ಟಿ ಇಟ್ಟೆ. ಅವರು ಅದನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡು ಊದುವಷ್ಟರಲ್ಲಿ, ಗೋಡೆ ಮುಟ್ಟದೆ ಎದ್ದು ನಿಂತಿದ್ದೆ.