ಕ್ರಷರ್ ಮನೆಯ ಮೇಲಿಟ್ಟ ಗಾಜು

ಸೋಲಾರ್ ಹಾಕಿಸಬೇಕೆಂದು ನಮ್ಮ ಆಫೀಸಿಗೆ ಬರುವ ಮಾಲೀಕರು ಕೇಳುವುದು ಒಂದೇ ಮಾತು: ‘ಕರೆಂಟ್ ಬಿಲ್ ಎಷ್ಟು ಇಳೀತದೆ?’ ಅದನ್ನು ಅಂದಾಜು ಮಾಡಿ ಹೇಳುವುದೇ ನನ್ನ ಹೊಟ್ಟೆಪಾಡು. ರಾಮನಗರದ ರೇಷ್ಮೆ ನೂಲು ತೆಗೆಯುವ ಶೆಡ್ಡುಗಳು, ಚನ್ನಪಟ್ಟಣದ ಗೊಂಬೆ ಕಾರ್ಖಾನೆಗಳು, ಕನಕಪುರದ ಹಿಟ್ಟಿನ ಗಿರಣಿಗಳು, ಎಲ್ಲದರ ಚಾವಣಿಯನ್ನೂ ಹತ್ತಿದ್ದೇನೆ. ಹೆಂಗಸು ಏಣಿ ಹತ್ತುತ್ತಾಳೆಂದು ಕೆಳಗೆ ನಿಂತು ನೋಡುವವರನ್ನು ಬೈದು ಕಳಿಸುವುದೂ ನನ್ನ ಕೆಲಸದ ಒಂದು ಭಾಗ.

ಬಿಸಿಲು ನಮ್ಮ ಸೀಮೆಯಲ್ಲಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಲೆಕ್ಕ ಕೆಡಿಸುವುದು ನೆರಳು, ಮತ್ತೆ ಧೂಳು. ನೆರಳು ಕಣ್ಣಿಗೆ ಕಾಣುತ್ತದೆ. ಧೂಳಿಗೆ ನನ್ನದೇ ಒಂದು ಉಪಾಯವಿದೆ. ಫೋಟೊಗೆ ಕಟ್ಟು ಹಾಕುವ ಅಂಗಡಿಯಿಂದ ಗಾಜಿನ ತುಂಡು ತಂದು ಚಾವಣಿಯ ಮೇಲೆ ಇಟ್ಟು ಬರುತ್ತೇನೆ. ವಾರ ಬಿಟ್ಟು ಹೋಗಿ, ಅಂಗೈಯಗಲದ ಸೋಲಾರ್ ಪ್ಯಾನೆಲ್ಲನ್ನು ಬಿಸಿಲಿಗೆ ಹಿಡಿದು, ಆ ಗಾಜನ್ನು ಮುಚ್ಚಿದಾಗ ಎಷ್ಟು ಕರೆಂಟ್ ಬರುತ್ತದೆ, ತೆಗೆದಾಗ ಎಷ್ಟು ಎಂದು ಮೀಟರಿನಲ್ಲಿ ನೋಡುತ್ತೇನೆ. ಆಫೀಸಿನಲ್ಲಿ ಇದಕ್ಕೆ ನಗುತ್ತಾರೆ. ಅವರು ಧೂಳಿಗೆಂದು ಊರಿಗೆಲ್ಲ ಒಂದೇ ಕಡಿತ ಹಾಕಿ ಕೈತೊಳೆದುಕೊಳ್ಳುತ್ತಾರೆ. ನನಗೆ ಅದು ಒಗ್ಗುವುದಿಲ್ಲ. ಉಳಿಯುತ್ತದೆ ಎಂದು ಬಾಯಿಬಿಟ್ಟು ಹೇಳಿದ ಮೇಲೆ ಉಳಿಯಬೇಕು.

ಮಾಗಡಿ ಕಡೆಯ ಒಂದು ಜಲ್ಲಿ ಕ್ರಷರಿನ ಕೆಲಸ ನನಗೆ ಸಿಕ್ಕಿದ್ದು ಭಾವನಿಂದ. ನನ್ನ ಅಕ್ಕನ ಗಂಡ ಅಲ್ಲಿ ಲಾರಿಗಳ ತೂಕ ನೋಡಿ ಚೀಟಿ ಕೊಡುವ ಕೆಲಸದಲ್ಲಿದ್ದರು. ಕ್ರಷರಿನ ಪಕ್ಕದಲ್ಲೇ ಮಾಲೀಕರು ಕಟ್ಟಿಸಿದ ಸಾಲುಮನೆಯಲ್ಲಿ ಅಕ್ಕ, ಭಾವ, ಅವರ ಪುಟ್ಟ ಮಗಳು ಇದ್ದರು. ಬಾಡಿಗೆಯಿಲ್ಲ, ಆದರೆ ಕೆಲಸ ಬಿಟ್ಟರೆ ಮನೆಯೂ ಬಿಡಬೇಕು. ಕಲ್ಲು ಪುಡಿ ಮಾಡುವ ಮೋಟಾರುಗಳು ಹಗಲೆಲ್ಲ ಓಡುವುದರಿಂದ ಕರೆಂಟ್ ಬಿಲ್ಲು ವಿಪರೀತ ಬರುತ್ತಿತ್ತು. ಆ ಸಾಲುಮನೆಯ ತಾರಸಿಯ ಮೇಲೆಯೇ ಪ್ಯಾನೆಲ್ ಹಾಕಿಸುವುದೆಂದು ಮಾಲೀಕರು ಆಗಲೇ ತೀರ್ಮಾನಿಸಿದ್ದರು.

ನಾನು ಮೊದಲು ಹೋದಾಗ ಶಿವರಾತ್ರಿ ಕಳೆದು ಬಿಸಿಲು ಏರುತ್ತಿತ್ತು. ಸ್ಕೂಟರ್ ಇಳಿಯುತ್ತಲೇ ಏನೋ ಸರಿಯಿಲ್ಲ ಅನ್ನಿಸಿತು. ಅಕ್ಕನ ಮನೆಯ ಮುಂದಿನ ನುಗ್ಗೆಮರ ಬೆಳ್ಳಗಿತ್ತು, ಎಲೆ, ಕಾಯಿ, ಕಾಂಡ ಎಲ್ಲ. ಅದರ ಕೆಳಗೆ ಮಲಗಿದ್ದ ಕರಿನಾಯಿಯೂ ಬೆಳ್ಳಗಿತ್ತು. ಅಷ್ಟು ದೊಡ್ಡ ಮರದಲ್ಲಿ ಒಂದು ಕಾಗೆ ಕೂಡ ಕೂತಿರಲಿಲ್ಲ. ಕ್ರಷರಿನ ಸದ್ದಿಗೆ ನೆಲ ಅದುರುತ್ತಿತ್ತು, ಆ ಅದುರು ಚಪ್ಪಲಿ ದಾಟಿ ಹಲ್ಲಿನವರೆಗೂ ಬರುತ್ತಿತ್ತು.

ತಾರಸಿಯ ಮೇಲೆ ಒಂದು ಗಾಜು ಇಟ್ಟೆ. ಹೋಲಿಸಿ ನೋಡಲು ಇನ್ನೊಂದು ಬೇಕಿತ್ತು. ರಸ್ತೆಯಾಚೆ, ದಿಬ್ಬ ದಾಟಿದರೆ ಮಾಲೀಕರದೇ ರಾಗಿ ಹೊಲವಿದೆ. ಅಲ್ಲಿನ ಪಂಪುಮನೆಯ ಮೇಲೆ ಎರಡನೆಯದನ್ನು ಇಟ್ಟೆ.

ಅಕ್ಕ ಊಟಕ್ಕೆ ಕರೆದಳು. ಅವಳ ಮನೆಯಲ್ಲಿ ಎಲ್ಲಕ್ಕೂ ಮುಚ್ಚಳ, ಮುಚ್ಚಳದ ಮೇಲೆ ಬಟ್ಟೆ. ತೊಳೆದು ಬೋರಲು ಹಾಕಿದ್ದ ತಟ್ಟೆಯನ್ನೇ ಮತ್ತೆ ಸೆರಗಿನಿಂದ ಒರೆಸಿ ಮುದ್ದೆ ಇಟ್ಟಳು.

“ಏನಕ್ಕ, ಇಷ್ಟೊಂದು ಮಡಿ ಯಾವಾಗಿಂದ?” ಎಂದು ರೇಗಿಸಿದೆ.

“ನೀನೊಂದು ವಾರ ಇದ್ದು ನೋಡು, ಗೊತ್ತಾಯ್ತದೆ” ಎಂದಳು. ನಗಲಿಲ್ಲ.

ಭಾವ ಊಟದ ನಡುವೆ ಎರಡು ಸಲ ಎದ್ದು ಹೊರಗೆ ಹೋಗಿ ಕೆಮ್ಮಿ ಬಂದರು. “ಬೀಡಿ ಬುಟ್ಟು ವರ್ಷಾಯ್ತು. ಇದು ಮಾತ್ರ ಬುಡಾಕಿಲ್ಲ ಅಂತದೆ” ಎಂದು ತಾವೇ ಹೇಳಿ ಮಜ್ಜಿಗೆ ಸುರಿದುಕೊಂಡರು.

ವಾರದ ಮೇಲೆ ಹೋದೆ. ತಾರಸಿ ಹತ್ತಿದರೆ ನನ್ನ ಗಾಜು ಕಾಣಲಿಲ್ಲ. ಯಾರೋ ಎತ್ತಿಕೊಂಡು ಹೋದರೆಂದು ಬೈಯಲು ಬಾಯಿ ತೆರೆದವಳು, ಕಾಲಿಗೆ ಅದರ ಅಂಚು ತಗುಲಿ ನಿಂತೆ. ಗಾಜು ಇಟ್ಟಲ್ಲೇ ಇತ್ತು, ತಾರಸಿಯ ಬಣ್ಣಕ್ಕೆ ತಿರುಗಿತ್ತು. ಎತ್ತಿ ಸೂರ್ಯನಿಗೆ ಹಿಡಿದರೆ ಸೂರ್ಯ ಮಸುಕು ಬಿಲ್ಲೆಯಾಗಿ ಕಂಡ. ಮೀಟರಿನ ಮುಳ್ಳು ಅರ್ಧದಷ್ಟೂ ಏಳಲಿಲ್ಲ. ಪಂಪುಮನೆಯ ಗಾಜು ಮಾತ್ರ ಒಂದು ಸಲ ಊದಿದರೆ ಹೊಸದರಂತೆ ಆಯಿತು. ನಿಜ ಹೇಳಬೇಕೆಂದರೆ ಮೊದಲು ನನಗೆ ಖುಷಿಯೇ ಆಯಿತು. ಆಫೀಸಿನ ನಗುವವರ ಮುಂದೆ ಹಿಡಿಯಲು ಇದಕ್ಕಿಂತ ಒಳ್ಳೆಯದು ಸಿಗುತ್ತಿರಲಿಲ್ಲ.

ಎರಡೂ ಗಾಜು ಹಿಡಿದು ಅಕ್ಕನ ಮನೆಯೊಳಗೆ ಬಂದೆ. ಮಗು ಚಾಪೆಯ ಮೇಲೆ ಬಾಯಿ ತೆರೆದು ಮಲಗಿತ್ತು. ಅಕ್ಕ ತಟ್ಟೆ ಎತ್ತಿಕೊಂಡಳು, ಸೆರಗಿನಿಂದ ಒರೆಸಿದಳು. ಆಗ ನನ್ನ ಖುಷಿ ಸತ್ತೇಹೋಯಿತು. ತಟ್ಟೆಯನ್ನು ಒರೆಸಬಹುದು, ಗಾಜನ್ನೂ ಒರೆಸಬಹುದು. ಹೊರಗಡೆ ಭಾವ ಕೆಮ್ಮುತ್ತಿದ್ದರು.

ಮಾಲೀಕರಿಗೆ ಅಂದಾಜು ಒಪ್ಪಿಸುವಾಗ ಮಾತು ಕಡಿಮೆ ಮಾಡಿ ಎರಡೂ ಗಾಜುಗಳನ್ನು ಮೇಜಿನ ಮೇಲಿಟ್ಟೆ. ಅವರು ಕೆಟ್ಟವರಲ್ಲ. ಮಗುವಿಗೆ ಹಬ್ಬಕ್ಕೆ ಬಟ್ಟೆ ಕೊಡಿಸುವವರು. ಗಾಜು ನೋಡಿದರೆ ಅವರಿಗೇ ಹೊಳೆಯುತ್ತದೆ ಎಂದು ನಂಬಿದ್ದೆ. ಅವರು ಬಿಳಿ ಗಾಜನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು.

“ಅಯ್ಯಯ್ಯೋ! ವಾರಕ್ಕೇ ಇಷ್ಟು ಧೂಳಾ? ಇಂಥ ಕಡೆ ಇಟ್ರೆ ಉಳೀತದಾ ಅದು?” ಎಂದರು.

“ಅದನ್ನೇ ಹೇಳೋಕೆ ಬಂದೆ ಸಾರ್” ಎಂದೆ. ಎದೆ ಒಂದಿಷ್ಟು ಹಗುರಾಯಿತು.

“ಬ್ಯಾಡವೇ ಬ್ಯಾಡ ಕಣಮ್ಮ. ಪ್ಯಾನೆಲ್ಲೆಲ್ಲ ಆಚೆ ಹೊಲದಲ್ಲೇ ಹಾಕ್ಬುಡಿ. ಕೇಬಲ್ ಖರ್ಚು ಒಸಿ ಹೆಚ್ಚಾದ್ರೂ ಚಿಂತಿಲ್ಲ.”

ನಾನು ಬಿಡಲಿಲ್ಲ. “ಸಾರ್, ಮನೆಗಳೂ ಇಲ್ಲೇ ಅವಲ್ಲ? ಧೂಳು ಏಳೋ ಕಡೆ ನೀರಾದ್ರೂ ಚಿಮುಕಿಸೋ ಹಂಗೆ ಮಾಡಿ.”

ಅವರಿಗೆ ನನ್ನ ಮಾತು ನಿಜವಾಗಿಯೂ ಅರ್ಥವಾಗಲಿಲ್ಲವೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. “ಅವ್ರಿಗೇನಮ್ಮ, ರೂಢಿಯಾಗೋಗೈತೆ. ಬೋರ್‌ನಲ್ಲಿ ನೀರೆಲ್ಲೈತೆ? ಇರೋದು ಪ್ಯಾನೆಲ್ ತೊಳಿಯಾಕೇ ಸಾಲಾಕಿಲ್ಲ” ಎಂದರು. ಭಾವ ಬಾಗಿಲಲ್ಲಿ ನಿಂತಿದ್ದರು. ಸುಮ್ಮನಿರು ಎಂದು ನನಗೆ ಕಣ್ಣಿನಲ್ಲೇ ಹೇಳಿದರು. ಆ ಕಣ್ಣಿಗೆ ಹೆದರಿ ಸುಮ್ಮನಾದೆ, ಆದರೆ ಸಿಟ್ಟು ಸ್ಕೂಟರಿನ ಮೇಲೆ ರಾಮನಗರದ ತನಕ ನನ್ನ ಜೊತೆಯೇ ಬಂತು.

ಮಳೆಗಾಲಕ್ಕೆ ಮುಂಚೆ ರಾಗಿ ಹೊಲದಲ್ಲಿ ಪ್ಯಾನೆಲ್‌ಗಳು ಸಾಲಾಗಿ ನಿಂತವು. ಸುತ್ತ ಬೇಲಿ, ತೊಳೆಯಲು ಒಬ್ಬ ಆಳು, ನೀರಿಗೆ ಬೇರೆ ಪೈಪು. ಬಿಲ್ಲು ನಾನು ಹೇಳಿದಷ್ಟೇ ಇಳಿಯಿತು. ಆಫೀಸಿನಲ್ಲಿ ಗಾಜಿನ ಉಪಾಯವನ್ನು ಈಗ ಎಲ್ಲರೂ ಕಲಿತುಕೊಂಡಿದ್ದಾರೆ.

ದೀಪಾವಳಿಯ ಹೊತ್ತಿಗೆ ಭಾವ ತೂಕದ ಕೋಣೆಯಿಂದ ಮನೆಗೆ ನಡೆದು ಬರಲು ನಡುವೆ ನಿಲ್ಲಬೇಕಾಗುತ್ತಿತ್ತು. ನಾನೂ ಅಕ್ಕನೂ ಬಲವಂತ ಮಾಡಿ ರಾಮನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿದರು. ಕಪ್ಪಗಿರಬೇಕಾದ ಕಡೆಯೆಲ್ಲ ಬಿಳಿ ಬಿಳಿ ಚುಕ್ಕೆ ಹರಡಿತ್ತು. ಅವರು ‘ಎಲ್ಲಿ ಕೆಲಸ?’ ಎಂದು ಕೇಳುವ ಮೊದಲೇ ‘ಜಲ್ಲಿ ಕ್ರಷರಿನಲ್ಲಿ’ ಎಂದೆ. ಕ್ರಷರಿನಿಂದ ದೂರ ಇರಬೇಕು, ಆಗಿದ್ದು ಮತ್ತೆ ಸರಿಹೋಗುವುದಿಲ್ಲ, ಮಗುವನ್ನೂ ಒಮ್ಮೆ ಕರೆತನ್ನಿ ಎಂದರು.

ವಾಪಸು ಬಸ್ಸಿನಲ್ಲಿ ಭಾವ ಕಿಟಕಿಗೆ ಒರಗಿ ಕಣ್ಣು ಮುಚ್ಚಿದ್ದರು. ಕ್ರಷರಿನ ತಿರುವು ಹತ್ತಿರವಾದಾಗ ಎಡಗಡೆ ರಾಗಿ ಹೊಲದಲ್ಲಿ ಪ್ಯಾನೆಲ್‌ಗಳು ಕಂಡವು. ಆಳು ಪೈಪು ಹಿಡಿದು ಒಂದೊಂದನ್ನೇ ತೊಳೆಯುತ್ತಿದ್ದ. ಅಕ್ಕ ಎಕ್ಸ್‌ರೇ ಲಕೋಟೆಯನ್ನು ಎದೆಗೊತ್ತಿಕೊಂಡು ಅತ್ತಲೇ ನೋಡುತ್ತಿದ್ದಳು.

“ನಮ್ಮನ್ನೂ ಆ ಕಡೆ ಇಟ್ರೆ ಇಷ್ಟು ಉಳೀತದೆ ಅಂತ ಮಾಲೀಕ್ರಿಗೆ ನೀನೊಂದು ಲೆಕ್ಕ ತೋರ್ಸಿದ್ರೆ ಆಗೋದೇನೋ, ಅಲ್ವೇನಮ್ಮಿ?” ಎಂದಳು.

ಅದರಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೇ ಕೇಳುತ್ತಿದ್ದಳು. ಬಸ್ಸು ತಿರುವಿನಲ್ಲಿ ನಿಂತಿತು. ಧೂಳಿನೊಳಕ್ಕೆ ಇಳಿಯುವ ಮುಂಚೆ ಭಾವ ಕರ್ಚೀಫು ತೆಗೆದು ಮೂಗಿಗೆ ಕಟ್ಟಿಕೊಂಡರು. ಮಧ್ಯಾಹ್ನದ ಲಾರಿಗಳು ಆಗಲೇ ತೂಕಕ್ಕೆ ಸಾಲು ನಿಂತಿದ್ದವು.